ರಾತ್ರಿ ಒಂದಾದರೂ ಮಗ ಮಲಗುವುದಿಲ್ಲ

ಪ್ರಶ್ನೆ: ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ದಿನಾ ಊಟ ಮುಗಿಸಿ ಗೆಳೆಯರ ಜೊತೆ ಫೋನ್‌ನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಆಟ ಆಡಲು ಕೂರುತ್ತಾನೆ. ಮಲಗುವಾಗ ರಾತ್ರಿ ಒಂದು ಗಂಟೆ ದಾಟಿರುತ್ತದೆ. ಬೆಳಿಗ್ಗೆ 6ಕ್ಕೆ ಟ್ಯೂಷನ್. ಎಬ್ಬಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೊನ್ನೆ ನಮ್ಮ ಮನೆಯವರು ಆಟದ ಮಧ್ಯೆ ಫೋನ್ ಕಿತ್ತುಕೊಂಡರು. ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಯಾರ ಕಡೆ ನಿಲ್ಲಲಿ?
- ಹೆಸರು ಬೇಡ, ಹಾಸನ

ಉತ್ತರ: ಅಮ್ಮಾ, ಮೊದಲು ಅಪ್ಪ-ಮಗನ ಮಾತು ಶುರುವಾಗಲಿ. ಈ ಆಟದಲ್ಲಿ ನಾಲ್ವರ ತಂಡ, ಒಂದು ಮ್ಯಾಚ್‌ಗೆ ಹೆಚ್ಚುಕಮ್ಮಿ ಅರ್ಧ ಗಂಟೆ. ಮಧ್ಯದಲ್ಲಿ ಫೋನ್ ಕಿತ್ತುಕೊಂಡರೆ, ಕಬಡ್ಡಿ ಆಡುತ್ತಿದ್ದವನನ್ನು ಅಂಗಳದಿಂದ ಎಳೆದು ತಂದ ಹಾಗೆ. ಮೂವರು ಗೆಳೆಯರ ಮುಂದೆ ಅವನಿಗೆ ಅವಮಾನ. ‘ಕಿತ್ಕೊಂಡಿದ್ದು ತಪ್ಪಾಯ್ತು ಕಣೋ, ಮ್ಯಾಚ್ ಮುಗಿಯೋವರೆಗೆ ಕಾಯಬೇಕಿತ್ತು’ ಎಂದು ನಿಮ್ಮ ಯಜಮಾನರು ಹೇಳಲಿ. ಅದರಿಂದ ಅಪ್ಪನ ಮಾತಿನ ತೂಕ ಕಡಿಮೆಯಾಗುವುದಿಲ್ಲ.

ಇನ್ನು ನಿದ್ದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಹರೆಯದಲ್ಲಿ ಮೈಯೊಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ತಡವಾಗಿ ಊರುತ್ತದೆ. ಒಂಬತ್ತಕ್ಕೇ ಮಲಗು ಅಂದರೆ ಅವನಿಗೆ ಆಗುವುದಿಲ್ಲ, ಅದು ಸೋಮಾರಿತನ ಅಲ್ಲ. ಇದರ ಮೇಲೆ ಆಟದ ಆವೇಶ ಬೇರೆ. ಮ್ಯಾಚ್ ಮುಗಿದರೂ ಎದೆ ಡವಡವ ಅನ್ನುತ್ತಿರುತ್ತದೆ. ಅದು ಇಳಿಯಲು ಒಂದು ಗಂಟೆಯಾದರೂ ಬಿಡುವು ಕೊಡಿ.

ನಿಮಗೆ ಬೇಸರವಾದರೂ ಒಂದು ಮಾತು ಹೇಳುತ್ತೇನೆ. 6ರ ಟ್ಯೂಷನ್‌ಗೆ ಅವನು 5.15ಕ್ಕಾದರೂ ಏಳಬೇಕು ಅಲ್ವಾ? ಎಂಟು ಗಂಟೆ ನಿದ್ದೆ ಆಗಬೇಕಾದರೆ 9.15ಕ್ಕೆ ಕಣ್ಣು ಮುಚ್ಚಿರಬೇಕು. ಫೋನ್ ಇಲ್ಲದಿದ್ದರೂ ಅದು ಕಷ್ಟವೇ. ಸಂಜೆ ಬ್ಯಾಚ್ ಇದ್ದರೆ ದಯವಿಟ್ಟು ಬದಲಾಯಿಸಿ.

ಅವನು ಊಟ ಆದಮೇಲೇ ಯಾಕೆ ಆಡುತ್ತಾನೆ, ಕೇಳಿದ್ದೀರಾ? ಬಹುಶಃ ನಾಲ್ವರೂ ಒಟ್ಟಿಗೆ ಸಿಗುವುದು ಆ ಹೊತ್ತಿಗೇ. ಅವನೊಬ್ಬನಿಗೆ ಕಟ್ಟು ಹಾಕಿದರೆ ಅವನು ಗುಂಪಿನಿಂದ ಹೊರಗುಳಿಯುತ್ತಾನೆ. ಅದಕ್ಕೇ ಉಳಿದ ಮೂವರ ಅಮ್ಮಂದಿರಿಗೂ ಫೋನ್ ಮಾಡಿ. ನಾಲ್ಕೂ ಮನೆಯಲ್ಲಿ ಆಟದ ಹೊತ್ತು ಒಂದೇ ಇರಲಿ, ಊಟಕ್ಕೆ ಮೊದಲೇ ಇರಲಿ. ‘ಒಂದು ಗಂಟೆ’ ಅನ್ನುವ ಬದಲು ‘ಎರಡು ಮ್ಯಾಚ್’ ಅನ್ನಿ. ಯಾವ ಹೊತ್ತು ಅಂತ ಮಗನನ್ನೇ ಕೇಳಿ ಗೊತ್ತು ಮಾಡಿ, ಆಗ ಒಪ್ಪಂದ ನಿಲ್ಲುತ್ತದೆ.

ಸರ್ಕಾರ ತಡೆದಿದ್ದ ಈ ಆಟ 2023ರ ಮೇನಲ್ಲಿ ಮತ್ತೆ ಶುರುವಾದಾಗ, 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಎಂದು ಮಿತಿ ಇಟ್ಟಿದ್ದರು. ಸುಮ್ನೆ ಅದನ್ನೇ ನಂಬಿ ಕೂರಬೇಡಿ. ರಾತ್ರಿ 10ರಿಂದ 1ರವರೆಗೆ ಆಡಿದರೂ ಅದು ಮೂರೇ ಗಂಟೆ.

ಮಲಗುವಾಗ ಫೋನ್‌ಗಳೆಲ್ಲ ಹಾಲ್‌ನಲ್ಲಿ ಚಾರ್ಜ್‌ಗೆ ಇರಲಿ, ನಿಮ್ಮಿಬ್ಬರದೂ. ಭಾನುವಾರ ಒಂದು ಗಂಟೆ ಜಾಸ್ತಿ ಮಲಗಲಿ ಬಿಡಿ. ಮಧ್ಯಾಹ್ನದವರೆಗೆ ಬಿಟ್ಟರೆ ಮಾತ್ರ ಆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಊಟ, ಶಾಲೆ, ಗೆಳೆಯರು ಯಾವುದೂ ಬೇಡ, ಆಟ ಒಂದೇ ಸಾಕು ಎನ್ನುವ ಹಾಗಾದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ನಿಮ್ಮ ಪತ್ರ ನೋಡಿದರೆ ನಿಮ್ಮ ಮಗ ಅಲ್ಲಿಗೆ ಹೋಗುವ ಹಂತದಲ್ಲಿದ್ದಾನೆ ಅನ್ನಿಸುವುದಿಲ್ಲ.

ಇವತ್ತು ಸಂಜೆ ಅಪ್ಪ-ಮಗ ಇಬ್ಬರನ್ನೂ ಕಾಫಿಗೆ ಒಟ್ಟಿಗೆ ಕೂರಿಸಿ. ಎರಡು ವಾರ ಕಳೆದು ಹೇಗಿದ್ದಾರೆ ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.