ಟೆಫ್ಲಾನ್ ಲೈನಿಂಗ್ ಇರುವ ವಾಲ್ವ್ ರಫ್ತಿಗೆ ಸ್ಕೋಮೆಟ್ ಪರವಾನಗಿ ಬೇಕೇ?

ಹಾಸನದ ಕೈಗಾರಿಕಾ ಪ್ರದೇಶದ ನಿಮ್ಮ ವರ್ಕ್‌ಶಾಪ್‌ನಿಂದ ದುಬೈ ವ್ಯಾಪಾರಿಗೆ 2 ಇಂಚಿನ ಬಾಲ್ ವಾಲ್ವ್ ಹೋಗಬೇಕು, ಅರ್ಧ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು, ಅರ್ಧ ಟೆಫ್ಲಾನ್ ಲೈನಿಂಗ್ ಇರುವವು. ಕಸ್ಟಮ್ಸ್ ಏಜೆಂಟರು "8481 ಫ್ರೀ, ಏನೂ ಬೇಡ" ಅಂದರು (8481 ಅಂದರೆ ವಾಲ್ವ್‌ಗಳ ಎಚ್‌ಎಸ್ ಕೋಡ್, ಕಸ್ಟಮ್ಸ್‌ನ ಸರಕು ಸಂಖ್ಯೆ), ಅದು ಸರಿಯೇ ಅಂತ ಕೇಳಿದ್ದೀರಿ. ಸ್ಟೀಲ್ ವಾಲ್ವಿಗೆ ಸರಿ, ಲೈನಿಂಗ್ ವಾಲ್ವಿಗೆ ತಪ್ಪು.

ಎಚ್‌ಎಸ್ ಕೋಡ್ ನೋಡಿ ಸ್ಕೋಮೆಟ್ (ನಾಗರಿಕ, ಮಿಲಿಟರಿ ಎರಡಕ್ಕೂ ಬಳಸಬಹುದಾದ ಸರಕುಗಳ ರಫ್ತು ನಿಯಂತ್ರಣ ಪಟ್ಟಿ) ತೀರ್ಮಾನ ಮಾಡಲು ಬರುವುದಿಲ್ಲ. ಭಾರತದ ಆಮದು-ರಫ್ತು ಸರಕು ವರ್ಗೀಕರಣವಾದ ಐಟಿಸಿ ಎಚ್‌ಎಸ್‌ನ ಶೆಡ್ಯೂಲ್ 2, ಅಪೆಂಡಿಕ್ಸ್ 3ರಲ್ಲಿರುವ ಪಟ್ಟಿಯನ್ನೇ ತೆರೆದು, ಕೆಟಗರಿ 3ರಲ್ಲಿ ರಾಸಾಯನಿಕ ತಯಾರಿಕಾ ಉಪಕರಣಗಳ ಭಾಗ ಓದಿ. ಅಲ್ಲಿ ಮುಖ್ಯವಾಗುವುದು ರಾಸಾಯನಿಕ ತಾಗುವ ಮೇಲ್ಮೈ ಯಾವ ವಸ್ತುವಿನದು ಅನ್ನುವುದು. ನಿಕ್ಕಲ್ 25% ಮತ್ತು ಕ್ರೋಮಿಯಂ 20% ಎರಡೂ ದಾಟಿದ ಮಿಶ್ರಲೋಹ, ನಿಕ್ಕಲ್ 40% ದಾಟಿದ ಮಿಶ್ರಲೋಹ, ಫ್ಲೋರಿನ್ 35% ದಾಟಿದ ಪಾಲಿಮರ್, ಗಾಜು, ಟೈಟಾನಿಯಂ, ಟ್ಯಾಂಟಲಂ, ಜಿರ್ಕೋನಿಯಂ ಇವೆಲ್ಲ ನಿಯಂತ್ರಿತ.

316ರಲ್ಲಿ ನಿಕ್ಕಲ್ 10ರಿಂದ 14%, ಕ್ರೋಮಿಯಂ 16ರಿಂದ 18% ಅಷ್ಟೇ. ಒಳಗೆ ಸೀಟ್ ಮಾತ್ರ ಟೆಫ್ಲಾನ್ ಇದ್ದರೂ ಬಾಡಿ ಸ್ಟೀಲಿನದೇ ಆದ್ದರಿಂದ ಅದು ಪಟ್ಟಿಗೆ ಬರುವುದಿಲ್ಲ. ಕಸ್ಟಮ್ಸ್ ಕೇಳಿದರೆ ತೋರಿಸಲು ಆ ಹೀಟ್ ನಂಬರಿನ (ಸ್ಟೀಲ್ ಕರಗಿಸಿದ ಬ್ಯಾಚ್‌ನ ಸಂಖ್ಯೆ) ಮಿಲ್ ಟೆಸ್ಟ್ ಸರ್ಟಿಫಿಕೇಟ್, ಅಂದರೆ ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ, ಜೊತೆಗಿಡಿ. ಟೆಫ್ಲಾನ್‌ನಲ್ಲಿ ಫ್ಲೋರಿನ್ ಸುಮಾರು 76%. ಬಾಡಿಗೆ ಪೂರ್ತಿ ಲೈನಿಂಗ್ ಹಾಕಿದ 2 ಇಂಚಿನ ವಾಲ್ವ್ ನೇರವಾಗಿ ಪಟ್ಟಿಯೊಳಗೆ. ಬಿಡಿಭಾಗವಾಗಿ ಲೈನರನ್ನಷ್ಟೇ ಕಳಿಸಿದರೂ ತಪ್ಪಿಸಿಕೊಳ್ಳಲಾಗದು.

ಪರವಾನಗಿಯ ಅರ್ಜಿ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲೇ ಹಾಕಬೇಕು, ತೀರ್ಮಾನ ದೆಹಲಿಯದು; ಬೆಂಗಳೂರು ಕಚೇರಿಗೆ ಅಲೆದು ಪ್ರಯೋಜನವಿಲ್ಲ. ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು ಎಂಡ್ ಯೂಸ್ ಸರ್ಟಿಫಿಕೇಟ್‌ನಲ್ಲಿ, ಅಂದರೆ ಮಾಲನ್ನು ಕೊನೆಗೆ ಯಾರು ಯಾವುದಕ್ಕೆ ಬಳಸುತ್ತಾರೆ ಎಂಬ ದೃಢೀಕರಣ ಪತ್ರದಲ್ಲಿ. ದುಬೈ ವ್ಯಾಪಾರಿ ಕೊಂಡು ಮಾರುವವರು, ಬಳಸುವವರಲ್ಲ. ವಾಲ್ವ್ ಕೊನೆಗೆ ಯಾವ ಕಾರ್ಖಾನೆಯಲ್ಲಿ ಕೂರುತ್ತದೋ ಆ ಕಂಪನಿಯ ಲೆಟರ್‌ಹೆಡ್‌ನಲ್ಲಿ, ಅಧಿಕೃತ ಸಹಿಯೊಂದಿಗೆ, ಬಳಕೆಯ ವಿವರ ಬೇಕು. ವ್ಯಾಪಾರಿಯದೂ ಪ್ರತ್ಯೇಕವಾಗಿ ಬೇಕು. ಪರ್ಚೇಸ್ ಆರ್ಡರ್ ನಂಬರ್, ದಿನಾಂಕ, ಸಂಖ್ಯೆ, ಅಳತೆ ಎಲ್ಲ ಕಾಗದದಲ್ಲೂ ಒಂದೇ ಇರಲಿ. "ಕೈಗಾರಿಕಾ ಬಳಕೆ" ಅಂತ ಒಂದೇ ಸಾಲು ಬರೆದರೆ ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ. ಯಾವ ದ್ರವ, ಯಾವ ಘಟಕ ಅಂತ ಬರೆಸಿ. ವ್ಯಾಪಾರಿ ಬಳಕೆದಾರರ ಹೆಸರು ಹೇಳಲು ಹಿಂಜರಿದರೆ, ನಾನಾದರೆ ಆ ಆರ್ಡರ್ ಬಿಡುತ್ತೇನೆ. ಪಟ್ಟಿಯಲ್ಲಿಲ್ಲದ ಮಾಲೂ ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಹೋಗುತ್ತದೆಂದು ಗೊತ್ತಿದ್ದು ಕಳಿಸಿದರೆ ಅಂಥ ಅಸ್ತ್ರಗಳ ಕುರಿತ 2005ರ ಕಾಯ್ದೆ ಅನ್ವಯವಾಗುತ್ತದೆ.

ಈಗಲೇ ಎರಡು ಆರ್ಡರ್ ಬೇರೆ ಮಾಡಿಸಿ. ಸ್ಟೀಲ್ ವಾಲ್ವ್ ಹೊರಡಲಿ, ಲೈನಿಂಗಿನವು ಪರವಾನಗಿ ಕೈಗೆ ಬರುವವರೆಗೆ ನಿಲ್ಲಲಿ. ಮುಂಗಡ ತೆಗೆದುಕೊಳ್ಳುವಾಗ ಡೆಲಿವರಿ ದಿನಾಂಕಕ್ಕೆ "ಪರವಾನಗಿ ಸಿಕ್ಕ ನಂತರ" ಅನ್ನುವ ಷರತ್ತು ಬರೆಸಿಕೊಳ್ಳಿ. ಕಾಗದಪತ್ರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು.