ಎಪಾಕ್ಸಿ ನೆಲ ಅಲ್ಲಲ್ಲಿ ಅಂಟಂಟಾಗಿ ಉಳಿದಿದೆ, ಹಾರ್ಡ್‌ನರ್ ಕಡಿಮೆಯಾಯಿತೇ?

ಪುಣೆ ಹತ್ತಿರದ ಚಾಕಣದ ನಿಮ್ಮ ಶೆಡ್‌ಗೆ ಹಾಕಿದ ಸೆಲ್ಫ್ ಲೆವೆಲಿಂಗ್ ಎಪಾಕ್ಸಿ (ಸುರಿದರೆ ತಾನೇ ಸಮನಾಗಿ ಹರಡಿ ಗಟ್ಟಿಯಾಗುವ ನೆಲದ ಲೇಪ) ಮೂರು ದಿನವಾದರೂ ಅಲ್ಲಲ್ಲಿ ಅಂಟುತ್ತಿದೆ, ಮುಂದಿನ ಸಲ ಹಾರ್ಡ್‌ನರ್ ಜಾಸ್ತಿ ಹಾಕಲೇ ಅಂತ ಕೇಳಿದ್ದೀರಿ. ಬೇಡ. ಹಾರ್ಡ್‌ನರ್ ಅಂದರೆ ಹಾಲಿಗೆ ಹಾಕುವ ಹೆಪ್ಪಲ್ಲ. ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತದೆ: ಒಂದು ರೆಸಿನ್ (ಮೂಲ ಅಂಟು), ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಎರಡೂ ಲೆಕ್ಕಕ್ಕೆ ಲೆಕ್ಕ ಸೇರಬೇಕು. ಹೆಚ್ಚಾದರೂ ನೆಲ ಕೆಡುತ್ತದೆ. ನೆಲ ಪೂರ್ತಿ ಅಂಟಂಟಾಗಿದ್ದರೆ ಅಳತೆ ತಪ್ಪಿದೆ ಅನ್ನುತ್ತಿದ್ದೆ. ಅಲ್ಲಲ್ಲಿ ಮಾತ್ರ ಅಂದರೆ ಕಲಸಿದ್ದು ಸಾಲಲಿಲ್ಲ.

ನಾನು ವಿಜಯಪುರದ ಕಡೆಯವನು, ಪುಣೆಯ ಭೋಸರಿಯಲ್ಲಿ 11 ವರ್ಷದಿಂದ ಇದೇ ಕೆಲಸ. ಶುರುವಿನಲ್ಲಿ ಒಂದು ಶೆಡ್‌ನಲ್ಲಿ ಬಕೆಟ್‌ನ ಕೊನೆಯ ಹನಿಯೂ ಹಾಳಾಗಬಾರದು ಅಂತ ಅದನ್ನು ನೆಲದ ಮೇಲೆ ಬೋರಲು ಹಾಕಿ ಬಿಟ್ಟಿದ್ದೆವು. ಮಾರನೇ ದಿನ ನೆಲವೆಲ್ಲ ಗಟ್ಟಿ, ಬಕೆಟ್ ಬಾಯಿಯಷ್ಟಗಲದ ಐದಾರು ವೃತ್ತ ಮಾತ್ರ ಜಿಗಟು! ಬಕೆಟ್‌ನ ಒಳಗೋಡೆಗೆ, ತಳದ ಮೂಲೆಗೆ ಅಂಟಿದ ರೆಸಿನ್‌ಗೆ ಪ್ಯಾಡಲ್ (ಡ್ರಿಲ್‌ಗೆ ಸಿಕ್ಕಿಸುವ ಕಲಸುವ ಕಡ್ಡಿ) ತಾಗಿರುವುದೇ ಇಲ್ಲ. ಕೆರೆದು ಸುರಿದರೆ ಅದೇ ನೆಲಕ್ಕೆ ಬರುತ್ತದೆ.

ಹಾಗಾಗಿ ಎರಡು ಬಕೆಟ್ ಇಟ್ಟುಕೊಳ್ಳಿ. ಮೊದಲು ರೆಸಿನ್ ಒಂದನ್ನೇ ತಿರುಗಿಸಿ, ಬಣ್ಣ ತಳದಲ್ಲಿ ಕೂತಿರುತ್ತದೆ. ಅದಕ್ಕೆ ಹಾರ್ಡ್‌ನರ್ ಡಬ್ಬಿ ಪೂರ್ತಿ ಬರಿದು ಮಾಡಿ. ನಿಧಾನದ ಡ್ರಿಲ್, ನಿಮಿಷಕ್ಕೆ 300–400 ಸುತ್ತು ಸಾಕು. ಮಜ್ಜಿಗೆ ಕಡೆದ ಹಾಗೆ ಕಡೆದರೆ ಗಾಳಿ ತುಂಬಿ ಆಮೇಲೆ ನೆಲದಲ್ಲಿ ಗುಳ್ಳೆ. ಎರಡು ಮೂರು ನಿಮಿಷ ಆದ ಮೇಲೆ ಗೋಡೆ, ತಳ ಕೆರೆದು ಎರಡನೇ ಬಕೆಟ್‌ಗೆ ಬಗ್ಗಿಸಿ. ಡಬ್ಬಿಗಳ ಜೊತೆ ಬೆರೆಸುವ ಪುಡಿಯೂ ಬೇರೆಯಾಗಿ ಬಂದಿದ್ದರೆ ಈಗ ಸ್ವಲ್ಪ ಸ್ವಲ್ಪವೇ ಹಾಕಿ. ಪುಡಿ ಇದ್ದರೂ ಇಲ್ಲದಿದ್ದರೂ ಗೆರೆ ಗೆರೆ ಕಾಣದ ತನಕ ಮತ್ತೆ ತಿರುಗಿಸಿ. ಇಡೀ ಕಿಟ್ (ರೆಸಿನ್, ಹಾರ್ಡ್‌ನರ್ ಜೋಡಿ) ಬೇಡ, ಅರ್ಧ ಸಾಕು ಅಂತಾದರೆ ತಕ್ಕಡಿ ತನ್ನಿ, ಕಣ್ಣಳತೆ ಬೇಡ.

ಕಲಸಿದ ತಕ್ಷಣ ಸುರಿದುಬಿಡಿ. ಬಕೆಟ್‌ನಲ್ಲೇ ಇಟ್ಟರೆ ತನ್ನ ಬಿಸಿಗೇ ಗಟ್ಟಿಯಾಗುತ್ತದೆ. ಕಲಸಿದ್ದನ್ನು ಬಳಸುವ ಸಮಯ ಡಬ್ಬಿಯ ಮೇಲೆ 25 ಡಿಗ್ರಿಗೆ 30 ನಿಮಿಷ ಅಂತಿದ್ದರೆ, ಮೇ ತಿಂಗಳ 35 ಡಿಗ್ರಿಯಲ್ಲಿ ಸುಮಾರು ಅರ್ಧ ಅಂದುಕೊಳ್ಳಿ. ಗಡುಸಾಯಿತು ಅಂತ ಥಿನ್ನರ್ ಹಾಕಲೇಬೇಡಿ.

ಈಗಿನ ಜಿಗಟು ತಾನಾಗಿ ಒಣಗುವುದಿಲ್ಲ, ಕಾಯಬೇಡಿ. ಅಷ್ಟು ಜಾಗ ಪೂರ್ತಿ ಕೆರೆದು ತೆಗೆದು, ಸಾಲ್ವೆಂಟ್‌ನಲ್ಲಿ ಒರೆಸಿ, ಸುತ್ತ ಗಟ್ಟಿಯಾದ ಅಂಚನ್ನು ಮರಳು ಕಾಗದದಿಂದ ಉಜ್ಜಿ ಹೊಸದಾಗಿ ಹಾಕಿ. ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದೂ ಕಿತ್ತು ಬರುತ್ತದೆ.