ಕಡಲಾಳದ ಬಳಚಿಗೆ ಎರಡು ಹೆಸರು ಯಾಕೆ?

ಪ್ರಶ್ನೆ: ಮಗಳ ಹಳೆಯ ಪುಸ್ತಕದಲ್ಲಿ ಪೆಸಿಫಿಕ್ ಸಾಗರದ ತಳದ ದೊಡ್ಡ ಚಿಪ್ಪುಜೀವಿಗೆ ‘ಕ್ಯಾಲಿಪ್ಟೋಜೀನಾ ಮ್ಯಾಗ್ನಿಫಿಕಾ’ ಎಂದು ಬರೆದಿದೆ. ಮೊನ್ನೆ ಬೇರೆಡೆ ಅದೇ ಚಿತ್ರದ ಕೆಳಗೆ ‘ಟರ್ನರೋಕಾಂಕಾ ಮ್ಯಾಗ್ನಿಫಿಕಾ’ ಎಂದಿತ್ತು. ಯಾವುದು ಸರಿ? ಅದು ನಮ್ಮ ಅಘನಾಶಿನಿಯ ಬಳಚಿಗೆ ಸಂಬಂಧವೇ?
– ಓದುಗರು, ಕುಮಟಾ

ಉತ್ತರ: ಎರಡೂ ಒಂದೇ ಪ್ರಾಣಿ. ಈಗ ಹೊಸ ಹೆಸರೇ ಚಾಲ್ತಿಯಲ್ಲಿದೆ. ನಿಮ್ಮ ಬಳಚಿಗೂ ಅದು ದೂರದ ನೆಂಟ. ಇಬ್ಬರೂ ವೆನೆರಿಡಾ ಎಂಬ ಗಣದವರು. ಮನೆತನ ಮಾತ್ರ ಬೇರೆ. ಬಳಚಿನದು ವೆನೆರಿಡೇ, ಅದರದು ವೆಸಿಕೊಮೈಯಿಡೇ.

ಈ ಪ್ರಶ್ನೆ ಕುಮಟಾದಿಂದಲೇ ಬಂದದ್ದು ನನಗೆ ತುಂಬ ಖುಷಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ಪ್ರಾಕ್ಟಿಕಲ್ ತರಗತಿಗೆ ನಾನು ಚಿಪ್ಪು ತರಿಸುತ್ತಿದ್ದದ್ದು ಅಘನಾಶಿನಿಯಿಂದ. ಮುಂದಿನ ಸಲ ಬಳಚು ಬೇಯಿಸಿದಾಗ ಒಂದು ಚಿಪ್ಪು ಎತ್ತಿಡಿ. ತೊಳೆದು, ಒರೆಸಿ, ಒಳಮೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎರಡು ಚಿಪ್ಪು ಸೇರುವ ಕೀಲಿನಲ್ಲಿ ಪುಟ್ಟ ಹಲ್ಲುಗಳಿವೆ. ಅಂಚಿನ ಉದ್ದಕ್ಕೂ ಒಂದು ಮಾಸಲು ಗೆರೆ ಇದೆ. ಆ ಗೆರೆ ಒಂದು ತುದಿಯಲ್ಲಿ ಕೊಲ್ಲಿಯ ಹಾಗೆ ಒಳಗೆ ಬಾಗುತ್ತದೆ. ಬಳಚು ತನ್ನ ನಳಿಗೆಯನ್ನು ಒಳಗೆಳೆದುಕೊಳ್ಳುವ ಜಾಗ ಅದು. ನೂರಾರು ವರ್ಷ ಚಿಪ್ಪುಜೀವಿಗಳನ್ನು ವಿಂಗಡಿಸಿದ್ದು ಮುಖ್ಯವಾಗಿ ಇಂಥ ಹಲ್ಲು, ಗೆರೆಗಳನ್ನು ನೋಡಿಯೇ.

ಈಗ ಕಡಲಾಳಕ್ಕೆ ಹೋಗೋಣ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳಕ್ಕೆ ಆಲ್ವಿನ್ ಎಂಬ ಪುಟ್ಟ ಜಲಾಂತರ್ನೌಕೆ ಇಳಿಯಿತು. ಹೋದವರು ಭೂವಿಜ್ಞಾನಿಗಳು, ಬಿಸಿನೀರಿನ ಬುಗ್ಗೆ ಹುಡುಕಿಕೊಂಡು. ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಕಂಡದ್ದು ಕಪ್ಪು ಬಂಡೆಗಳ ಸಂದಿಯಲ್ಲಿ ಸಾಲುಸಾಲು ಬಿಳಿ ಚಿಪ್ಪುಗಳು. ದೊಡ್ಡವು ಒಂದು ಗೇಣಿಗಿಂತ ಉದ್ದ. ತಂದದ್ದು ಕೆಡದಂತೆ ಇಡಲು ಸಾಕಷ್ಟು ಫಾರ್ಮಾಲಿನ್ ಇರಲಿಲ್ಲ. ಕೆಲವನ್ನು ಪನಾಮಾದಲ್ಲಿ ಕೊಂಡಿದ್ದ ವೋಡ್ಕಾದಲ್ಲಿ ಅದ್ದಿಟ್ಟರು.

1980ರಲ್ಲಿ ಕೆನೆತ್ ಬಾಸ್ ಮತ್ತು ರೂತ್ ಟರ್ನರ್ ಅದಕ್ಕೆ ಹೆಸರಿಟ್ಟರು. ಚಿಪ್ಪಿನ ಹೋಲಿಕೆ ನೋಡಿ, 1891ರಿಂದಲೇ ಇದ್ದ ಕ್ಯಾಲಿಪ್ಟೋಜೀನಾ ಕುಲಕ್ಕೆ ಸೇರಿಸಿದರು. ಆಗ ಇದ್ದ ಪುರಾವೆಗೆ ಅದೇ ಸರಿಯಾದ ತೀರ್ಮಾನ.

ಆದರೆ ಈ ಮನೆತನದ ದೊಡ್ಡ ಬಳಚುಗಳಲ್ಲಿ ಚಿಪ್ಪನ್ನು ಜಾಸ್ತಿ ನಂಬುವಂತಿಲ್ಲ. ಇವು ಬದುಕುವ ರೀತಿಯೇ ಬೇರೆ. ನಮ್ಮ ಬಳಚು ನೀರು ಸೋಸಿ ತಿನ್ನುತ್ತದೆ. ಇದು ಉದ್ದನೆಯ ಕಾಲನ್ನು ಬಂಡೆಯ ಬಿರುಕಿಗೆ ತೂರಿಸಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೀರುತ್ತದೆ. ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇರುವ ಕೆಂಪು ರಕ್ತ ಅದರದು. ಆ ರಕ್ತವೇ ಸಲ್ಫೈಡನ್ನು ಕಿವಿರಿಗೆ ಸಾಗಿಸುತ್ತದೆ. ಅಲ್ಲಿ ತುಂಬಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ಉರಿಸಿ ಆಹಾರ ತಯಾರಿಸುತ್ತವೆ. ಬಳಚಿನ ಕರುಳು ಸವೆದು ಚಿಕ್ಕದಾಗಿಬಿಟ್ಟಿದೆ. ಇಷ್ಟು ಹೋಲುವ ಬದುಕು ಇದ್ದರೆ ಬೇರೆ ಬೇರೆ ಕವಲಿನವೂ ಒಂದೇ ಥರ ಕಾಣಬಹುದು. ಒಂದೇ ಕವಲಿನವು ಬೇರೆಯಾಗಿಯೂ ಕಾಣಬಹುದು. ನಳಿಗೆ ಗಿಡ್ಡವಾಗಿರುವುದರಿಂದ ಒಳಗಿನ ‘ಕೊಲ್ಲಿ’ಯೂ ಎಷ್ಟೋ ಸಲ ಇರುವುದಿಲ್ಲ.

ಜಪಾನಿನ ಸಗಾಮಿ ಕೊಲ್ಲಿಯ ಉದಾಹರಣೆ ನೋಡಿ. ಅಲ್ಲಿ ಒಂದೇ ಗುಂಪಿನಲ್ಲಿ ಬದುಕುವ ಬಳಚುಗಳನ್ನೆಲ್ಲ ಒಂದೇ ಪ್ರಭೇದ ಅಂದುಕೊಂಡಿದ್ದರು. ಡಿಎನ್‌ಎ ನೋಡಿದರೆ ಎರಡು! 1997ರಲ್ಲಿ ಎರಡನೆಯದಕ್ಕೆ ಬೇರೆ ಹೆಸರು ಸಿಕ್ಕಿತು. ಹೀಗೆ ಕ್ಯಾಲಿಪ್ಟೋಜೀನಾ ಎಂಬ ದೊಡ್ಡ ಮೂಟೆ ನಿಧಾನವಾಗಿ ಬಿಚ್ಚಿಕೊಂಡಿತು. 2020ರಲ್ಲಿ ಗಲಾಪಗೋಸ್ ಬಳಚಿಗೆ ಅದರದ್ದೇ ಕುಲ ಬಂತು, ಟರ್ನರ್ ಅವರ ಹೆಸರಿನಲ್ಲಿ.

ಆ ಹೆಸರು ನನಗೆ ಬಹಳ ಇಷ್ಟ. ದೋಣಿಯ ಮರ ಕೊರೆಯುವ ಹುಳು ಇದೆಯಲ್ಲ, ಅದು ನಿಜಕ್ಕೂ ಹುಳುವಲ್ಲ, ಚಿಪ್ಪುಜೀವಿ. ಟರ್ನರ್ ಜೀವಮಾನವೆಲ್ಲ ಅಭ್ಯಾಸ ಮಾಡಿದ್ದು ಅದನ್ನೇ. 1971ರಲ್ಲಿ ಆಲ್ವಿನ್‌ನಲ್ಲಿ ಇಳಿದ ಮೊದಲ ಮಹಿಳಾ ವಿಜ್ಞಾನಿಯೂ ಅವರೇ. ಬಳಚಿನ ಕಿವಿರಿನ ಬ್ಯಾಕ್ಟೀರಿಯಾದ ಜೀನೋಮನ್ನು 2007ರಲ್ಲಿ ಓದಿದಾಗ ಅದಕ್ಕೂ ‘ರುಥಿಯಾ’ ಎಂದೇ ಕರೆದರು. ತಾಯಿಯ ಮೊಟ್ಟೆಯ ಮೂಲಕ ಮರಿಗೆ ದಾಟುವ ಬ್ಯಾಕ್ಟೀರಿಯಾ ಅದು. ಹೊರಗೆ ಬದುಕಬೇಕಾಗಿಲ್ಲದ್ದರಿಂದ ಅದರ ಜೀನೋಮ್ ಸುಮಾರು 11.6 ಲಕ್ಷ ಅಕ್ಷರಗಳಿಗೆ ಇಳಿದಿದೆ. ನಮ್ಮ ಕರುಳಿನ ಇ. ಕೋಲಿಯದು ಸುಮಾರು 46 ಲಕ್ಷ.

ಪ್ರಶ್ನೆ: ಇವು ಡೈನೋಸಾರ್ ಕಾಲದಿಂದ ಬದಲಾಗದೆ ಉಳಿದ ಜೀವಿಗಳಂತೆ, ಹೌದಾ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಈ ಮನೆತನದ ನಂಬಬಹುದಾದ ಅತಿ ಹಳೆಯ ಪಳೆಯುಳಿಕೆಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಂಡೆಗಳಲ್ಲಿ ಸಿಕ್ಕಿವೆ. ಅವಕ್ಕೆ ಸುಮಾರು 4 ಕೋಟಿ ವರ್ಷ. ತಿಮಿಂಗಿಲಗಳ ಪೂರ್ವಜರು ಕಡಲಿಗೆ ಇಳಿದು ನೆಲೆಯಾಗುತ್ತಿದ್ದ ಕಾಲ ಅದು. 1987ರಲ್ಲಿ ಕ್ಯಾಲಿಫೋರ್ನಿಯಾದ ಆಚೆ, ಕಡಲ ತಳದ ತಿಮಿಂಗಿಲದ ಅಸ್ಥಿಯ ಸುತ್ತಲೂ ಇದೇ ಮನೆತನದ ಬಳಚುಗಳು ಕಂಡವು. ಕೊಳೆಯುವ ಎಲುಬಿನಿಂದಲೂ ಸಲ್ಫೈಡ್ ಬರುತ್ತದೆ, ಅಲ್ವಾ? ನಮ್ಮ ಬಂಗಾಳಕೊಲ್ಲಿಯಲ್ಲೂ ಇವುಗಳ ಗುರುತಿದೆ. ಕೃಷ್ಣಾ-ಗೋದಾವರಿ ಕರಾವಳಿಯ ಆಚೆ ಕಡಲ ತಳದಿಂದ ಎತ್ತಿದ ಕೆಸರಿನಲ್ಲಿ ಇವುಗಳ ಚಿಪ್ಪು ಸಿಕ್ಕಿದ್ದರಿಂದಲೇ ಅಲ್ಲಿ ಹಿಂದೊಮ್ಮೆ ಮೀಥೇನ್ ಒಸರುತ್ತಿತ್ತು ಎಂದು ವಿಜ್ಞಾನಿಗಳು ಗುರುತಿಸಿದರು.